ಸಂಜೆಯಾದರೆ ತಲೆ ಬಿಗಿಯುತ್ತದೆ, ದಿನಾ ಮಾತ್ರೆ ನುಂಗಬಹುದಾ?

ಪ್ರಶ್ನೆ: ಕುಂಬಳೆ ಹತ್ತಿರ ಮನೆಯಲ್ಲೇ ಬೀಡಿ ಕಟ್ಟುತ್ತೇನೆ. ಸಂಜೆ ಹೊತ್ತಿಗೆ ಹಣೆಯಿಂದ ಹಿಂದಲೆವರೆಗೆ ಪಟ್ಟಿ ಬಿಗಿದ ಹಾಗೆ ನೋವು. ವಾಂತಿ ಇಲ್ಲ. ಜ್ವರದ ಮಾತ್ರೆ ತಿಂದರೆ ಇಳಿಯುತ್ತದೆ, ಮರುದಿನ ಮತ್ತೆ ಅದೇ ಕಥೆ. ಏನು ಮಾಡಲಿ?

ಉತ್ತರ: ಇದು ಟೆನ್ಶನ್ ತಲೆನೋವು ಇರಬಹುದು. ತಲೆಯ ಎರಡೂ ಬದಿ ಒತ್ತುತ್ತದೆ, ಆದರೆ ಮೈಗ್ರೇನಿನ ಹಾಗೆ ಪಟಪಟ ಬಡಿಯುವುದಿಲ್ಲ, ನಡೆದಾಡಿದರೆ ಜಾಸ್ತಿಯಾಗುವುದಿಲ್ಲ.

ನೀವು ಕೂರುವ ರೀತಿ ನೋಡಿ. ತಡಪೆ (ಮೊರ) ಮಡಿಲಲ್ಲಿ, ಕಣ್ಣು ಬೆರಳ ತುದಿಯಲ್ಲಿ. ಎಲೆ ಕತ್ತರಿಸುವಾಗಲೂ ನೂಲು ಸುತ್ತುವಾಗಲೂ ಕತ್ತು ಬಗ್ಗಿಯೇ ಇರುತ್ತದೆ. ಹಿಂದಲೆಯ ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಅಲ್ಲೇ ನೋಯುತ್ತದೆ ಅಲ್ವಾ? ಮಡಿಲಿಗೆ ದಪ್ಪ ದಿಂಬು ಇಟ್ಟು ತಡಪೆ ಎತ್ತರಿಸಿ, ಬೆನ್ನನ್ನು ಗೋಡೆಗೆ ಕೊಡಿ. ಒಂದೆರಡು ಕಟ್ಟು ಮುಗಿದಾಗಲೆಲ್ಲ ಎದ್ದು ಹೆಗಲು ತಿರುಗಿಸಿ, ಕತ್ತನ್ನು ನಿಧಾನ ಎರಡೂ ಕಡೆ ವಾಲಿಸಿ. ಸಾವಿರಕ್ಕಿಷ್ಟು ಅಂತ ಕೂಲಿ ಸಿಗುವವರಿಗೆ ಎದ್ದೇಳು ಅನ್ನುವುದು ಸುಲಭ, ಮಾಡುವುದು ಕಷ್ಟ, ಗೊತ್ತು. ಆದರೂ ಎರಡು ನಿಮಿಷ ಸಾಕು. ರಾತ್ರಿ ಕತ್ತಿಗೆ ಬಿಸಿನೀರಿನ ಬಟ್ಟೆ ಹಾಕಿದರೆ ಹಿತವಾಗುತ್ತದೆ.

ಮಧ್ಯಾಹ್ನದ ಗಂಜಿ ತಪ್ಪಿಸಿ ಬರೀ ಚಹಾದಲ್ಲಿ ದಿನ ದೂಡಬೇಡಿ. ಹಸಿವು, ನೀರು ಕಡಿಮೆ ಕುಡಿಯುವುದು, ನಿದ್ದೆಗೆಡುವುದು, ಮೂರೂ ತಲೆನೋವು ತರುತ್ತವೆ. ದಿನಾ ಸ್ವಲ್ಪ ನಡೆಯಿರಿ.

ಇನ್ನು ಮಾತ್ರೆ. ನನಗೆ ಹೆದರಿಕೆ ಅದರದ್ದೇ. ಜ್ವರದ ಮಾತ್ರೆ ಅನ್ನುವ ಪ್ಯಾರಾಸಿಟಮಾಲನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮಿಕ್ಕಿ ತಿನ್ನುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಕೆಫೀನ್ ಸೇರಿದ ಮಾತ್ರೆಗಾದರೆ 10 ದಿನವೇ ಸಾಕು. ಬೀಡಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ನೋವು ಬಂದ ದಿನ, ಮಾತ್ರೆ ತಿಂದ ದಿನ ಗುರುತು ಹಾಕಿ. ತಿಂಗಳಲ್ಲಿ ಅರ್ಧಕ್ಕರ್ಧ ದಿನ ನೋವಿದ್ದರೆ ಆ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ. ನೋವು ಬರದ ಹಾಗೆ ತಡೆಯುವ ಬೇರೆ ಔಷಧಿಗಳಿವೆ.

ಹಿಂದೆಂದೂ ಕಾಣದ ನೋವು ಒಮ್ಮೆಲೇ ಸಿಡಿದರೆ, ಜ್ವರದ ಜೊತೆ ಕತ್ತು ಸೆಟೆದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ತಲೆಗೆ ಪೆಟ್ಟಾದ ಮೇಲೆ ನೋವು ಶುರುವಾದರೆ ಬಾಮು ಹಚ್ಚಿ ಮಲಗಬೇಡಿ. ಕಾಸರಗೋಡೋ ಮಂಗಳೂರೋ, ಹತ್ತಿರ ಯಾವುದೋ ಆ ಆಸ್ಪತ್ರೆಗೆ ಕೂಡಲೇ ಹೊರಡಿ. 50 ದಾಟಿದ ಮೇಲೆ ಹೊಸದಾಗಿ ತಲೆನೋವು ಬಂದರೂ ತಡಮಾಡದೆ ತೋರಿಸಿ.