ಪೈನ್ ಮರ ತಿಂದು ಗಡ್ಡೆ ಕಟ್ಟುವ ಫೂಲಿಂಗ್

ಚೀನಾದ ಯುನ್ನಾನ್, ಅನ್‌ಹುಯ್ ಪ್ರಾಂತ್ಯಗಳಲ್ಲಿ ಪೈನ್ ಮರದ ಬೇರಿನ ಬಳಿ ಅಗೆದಾಗ ಕೆಲವೊಮ್ಮೆ ಗೆಣಸಿನಂಥ ಗಡ್ಡೆ ಸಿಗುತ್ತದೆ. ಹೊರಗೆ ಸುಕ್ಕುಗಟ್ಟಿದ ಕಪ್ಪು-ಕಂದು ಸಿಪ್ಪೆ, ಕೊಯ್ದರೆ ಬೆಳ್ಳನೆಯ ಗಟ್ಟಿ ತಿರುಳು. ಇದು ಗಿಡದ ಭಾಗವಲ್ಲ. ಮರ ಕೊಳೆಸುವ ಶಿಲೀಂಧ್ರವೊಂದು ತನಗೆಂದು ಕೂಡಿಟ್ಟುಕೊಂಡ ಆಹಾರ. ಹೆಸರು ಫೂಲಿಂಗ್.

ಮರವನ್ನು ಜೀರ್ಣಿಸಿಕೊಳ್ಳುವುದು ಸುಲಭವಲ್ಲ. ಜೀವಕೋಶದ ಗೋಡೆಯಲ್ಲಿರುವ, ಸಕ್ಕರೆಯ ಸರಪಳಿಯಾದ ಸೆಲ್ಯುಲೋಸನ್ನು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಕಿಣ್ವಗಳ ಅಣುಗಳು ಒಳಗೆ ತೂರಲಾರದಷ್ಟು ದೊಡ್ಡವು. ಫೂಲಿಂಗ್ ಸೇರಿರುವ ಕಂದು ಕೊಳೆಯ ಗುಂಪು ಇದಕ್ಕೆ ಸೊಗಸಾದ ಉಪಾಯ ಕಂಡುಕೊಂಡಿದೆ: ಕಬ್ಬಿಣದ ಅಯಾನು ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಹುಟ್ಟುವ, ಥಟ್ಟನೆ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ತೀರಾ ಪುಟ್ಟದು, ಆದರೆ ಸೆಲ್ಯುಲೋಸಿನ ಸರಪಳಿಯನ್ನೇ ಕತ್ತರಿಸುತ್ತದೆ. ಸಕ್ಕರೆ ಶಿಲೀಂಧ್ರದ ಪಾಲಾಗುತ್ತದೆ, ಬಹುಪಾಲು ಲಿಗ್ನಿನ್ ಹಾಗೇ ಉಳಿದು ಮರ ಕಂದಾಗಿ ಚೌಕ ಚೌಕವಾಗಿ ಬಿರಿಯುತ್ತದೆ. ಚೀನೀ ಔಷಧದ ಇನ್ನೊಂದು ಹೆಸರಾಂತ ಅಣಬೆ ಲಿಂಗ್‌ಝಿಯದು ಬೇರೆ ದಾರಿ. ಅದು ಬಿಳಿ ಕೊಳೆಯ ಗುಂಪಿನದು, ಲಿಗ್ನಿನ್ನನ್ನೂ ಒಡೆಯಬಲ್ಲದು. ನಮ್ಮ ಅಡಿಕೆ, ತೆಂಗಿನ ತೋಟಗಳಲ್ಲಿ ಅಣಬೆ ರೋಗ ತರುವ ಗ್ಯಾನೋಡರ್ಮಾ ಇದೇ ಕುಲದ್ದು.

ಚೀನಾದ ಪ್ರಾಚೀನ ಔಷಧ ಗ್ರಂಥ 'ಶೆನ್‌ನೋಂಗ್ ಬೆನ್‌ಸಾವೊ ಜಿಂಗ್'ನಲ್ಲೇ ಫೂಲಿಂಗ್ ಇದೆ. ಜಿನ್ಸೆಂಗ್, ಬೈಝು ಎಂಬ ಗಡ್ಡೆಬೇರು, ಜ್ಯೇಷ್ಠಮಧುವಿನ ಜೊತೆ ಇದನ್ನು ಕುದಿಸಿದರೆ ಜೀರ್ಣಶಕ್ತಿಗೆ ಕೊಡುವ ಹೆಸರಾಂತ ಕಷಾಯ 'ಸಿಜುನ್‌ಝಿ ತಾಂಗ್'. ನಡುವೆ ಪೈನ್ ಬೇರು ಹಾದುಹೋಗಿರುವ ಗಡ್ಡೆಯ ತುಂಡನ್ನು ಬೇರೆಯೇ ಎತ್ತಿಟ್ಟು, ನಿದ್ದೆ ಬಾರದವರಿಗೆ ಕೊಡುತ್ತಾರೆ.

ನನಗೆ ಬಹಳ ಮುಖ್ಯವೆನಿಸುವ ಸಂಗತಿ ಇಲ್ಲಿದೆ. ಗಡ್ಡೆಯ ಬಹುಪಾಲು ಪ್ಯಾಕಿಮಾನ್ ಎಂಬ ಬೀಟಾ-ಗ್ಲೂಕಾನ್, ಅಂದರೆ ಸಕ್ಕರೆ ಅಣುಗಳ ಉದ್ದ ಸರಪಳಿ. ಅದು ನೀರಿನಲ್ಲಿ ಕರಗುವುದಿಲ್ಲ. ಕುದಿಸಿ ಸೋಸಿದ ಕಷಾಯಕ್ಕೆ ಇಳಿಯುವುದು ಸ್ವಲ್ಪ ಅಂಶ ಮಾತ್ರ. ಹಾಗಾಗಿ ಪ್ರಯೋಗಾಲಯದಲ್ಲಿ ರಾಸಾಯನಿಕವಾಗಿ ಮಾರ್ಪಡಿಸಿ ಕರಗುವಂತೆ ಮಾಡಿದ ಪ್ಯಾಕಿಮಾನ್ ಇಲಿಯಲ್ಲಿ ತೋರಿದ ಗುಣವನ್ನು ಕಷಾಯದ ಲೆಕ್ಕಕ್ಕೆ ಬರೆಯುವುದು ತಪ್ಪು. ಲಿಂಗ್‌ಝಿ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದನ್ನು ಕ್ಯಾನ್ಸರಿನ ಮೊದಲ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಪುರಾವೆಯಿಲ್ಲ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ ಹೇಳಿದೆ. ನಮ್ಮಲ್ಲೂ ಗ್ಯಾನೋಡರ್ಮಾ ಕ್ಯಾಪ್ಸೂಲು, ಕಾಫಿ ಪುಡಿ ಮಾರಾಟಕ್ಕಿವೆ. ಅವನ್ನು ನಂಬಿ ಯಾರೂ ಆಸ್ಪತ್ರೆಯ ಚಿಕಿತ್ಸೆ ಬಿಡಬಾರದು.

ಇಂದು ಫೂಲಿಂಗ್ ಹೆಚ್ಚಾಗಿ ಕೃಷಿಯಿಂದಲೇ ಬರುತ್ತದೆ. ಪೈನ್ ದಿಮ್ಮಿಗೆ ಶಿಲೀಂಧ್ರದ ಬೀಜ ತಾಗಿಸಿ ಮಣ್ಣಲ್ಲಿ ಹೂಳುತ್ತಾರೆ, ತಿಂಗಳುಗಟ್ಟಲೆ ಕಾದು ಗಡ್ಡೆ ಅಗೆಯುತ್ತಾರೆ. ದಿಮ್ಮಿಗಾಗಿ ಮರ ಬೀಳಿಸುವ ಬದಲು, ಕಡಿದ ಮರದ ಉಳಿದ ಬುಡದಲ್ಲೇ ಬೆಳೆಸುವ ವಿಧಾನವೂ ಬಂದಿದೆ.