ಅನುದಾನ ಸಂಘಕ್ಕೆ, ದೂರು ಪಂಚಾಯಿತಿಗೆ

ಹೊರಗಿನ ಸಾಲದಲ್ಲಿ ನಡೆಯುವ ಯೋಜನೆಗಳು ‘ಜನರ ಸಹಭಾಗಿತ್ವ’ ಬೇಕೆನ್ನುತ್ತವೆ. ಆದರೆ ಜನ ಆಗಲೇ ಮತ ಹಾಕಿ ಆರಿಸಿದ ಸಂಸ್ಥೆಯನ್ನು ಬದಿಗಿಟ್ಟು ಸಹಭಾಗಿತ್ವ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಪಂಚಾಯತ್ ರಾಜ್ ತರಬೇತಿಯ ಕೆಲಸದಲ್ಲಿ ಹತ್ತಿರದಿಂದ ಕಂಡಿದ್ದೇನೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು 11ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಮೂರನೆಯದೇ ಕೆರೆಗಳೂ ಸೇರುವ ಸಣ್ಣ ನೀರಾವರಿ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆ ಕರ್ನಾಟಕಕ್ಕೆ ಬಂದಾಗ ಅದನ್ನು ನಡೆಸಿದ್ದು ಜಲ ಸಂವರ್ಧನೆ ಯೋಜನಾ ಸಂಘ ಎಂಬ ನೋಂದಾಯಿತ ಸಂಸ್ಥೆ. ಊರಿನಲ್ಲಿ ಕೆರೆಯ ಹೊಣೆ ಹೊತ್ತದ್ದು ಹೊಸದಾಗಿ ಹುಟ್ಟಿದ ಕೆರೆ ಬಳಕೆದಾರರ ಸಂಘಗಳು.

ಉದ್ದೇಶ ಕೆಟ್ಟದ್ದಲ್ಲ. ನೀರು ಬಳಸುವವರೇ ಕೆರೆ ನೋಡಿಕೊಳ್ಳಲಿ ಎಂಬುದು ಒಪ್ಪುವ ಮಾತೇ. ಆದರೆ ಸಾಲಕ್ಕೆ ಗಡುವಿರುತ್ತದೆ. ಗ್ರಾಮಸಭೆಯ ಕೋರಂ, ಚುನಾವಣಾ ನೀತಿ ಸಂಹಿತೆ ಎಂದು ಕಾಯುತ್ತ ಕೂರುವ ವ್ಯವಧಾನ ಯೋಜನಾ ಕಚೇರಿಗಳಿಗಿಲ್ಲ. ಸಾಲ ಪಡೆದ ದೇಶದ ರಾಜಕೀಯದಲ್ಲಿ ತಲೆಹಾಕಕೂಡದು ಎಂದು ವಿಶ್ವಬ್ಯಾಂಕಿನ ಸ್ಥಾಪನಾ ಒಪ್ಪಂದವೇ ಹೇಳುತ್ತದೆ. ಹಾಗಾಗಿ ಪಂಚಾಯಿತಿ ಎಂದರೆ ರಾಜಕೀಯ, ಬಳಕೆದಾರರ ಸಂಘ ಎಂದರೆ ಬರೀ ನಿರ್ವಹಣೆ ಎಂಬ ಭಾವನೆ ಸುಲಭವಾಗಿ ಬೇರೂರುತ್ತದೆ. ತೂಬು ಯಾವಾಗ ಎತ್ತಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟೀತೇ, ಹೂಳು ಯಾರ ಹೊಲಕ್ಕೆ, ಮೀನು ಹರಾಜಿನ ದುಡ್ಡು ಯಾರಿಗೆ, ಕೆರೆಯಂಗಳದ ಒತ್ತುವರಿ ಬಿಡಿಸುವವರು ಯಾರು? ಇವೆಲ್ಲ ರಾಜಕೀಯವಲ್ಲದೆ ಮತ್ತೇನು!

ಅಂಥ ಯೋಜನೆ ಮುಗಿದಿದ್ದ ಊರೊಂದರ ಗ್ರಾಮಸಭೆಯಲ್ಲಿ ಕುರಿ ಕಾಯುವ ಹೆಂಗಸೊಬ್ಬರು ಎದ್ದು ನಿಂತರು. “ಏರಿ ಮೇಲೆಲ್ಲ ಜಾಲಿ ಬೆಳಕಂಡೈತೆ, ಕುರಿ ನೀರಿಗೆ ಇಳಿಯಾಕಾಗಲ್ಲ. ಯಾರ್ನ ಕೇಳಾನ ಸ್ವಾಮಿ?” ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡತ ತಿರುವಿ, “ಅದು ಸಂಘದ್ದಮ್ಮ, ನಮಗೆ ಬರಲ್ಲ” ಎಂದರು. ಸಂಘದ ಅಧ್ಯಕ್ಷರು ಊರು ಬಿಟ್ಟು ಹೋಗಿದ್ದರು; ಪಾಸ್‌ಬುಕ್ ಯಾರ ಮನೆಯಲ್ಲಿದೆ ಎಂಬುದೂ ಸಭೆಯಲ್ಲಿದ್ದವರಿಗೆ ಗೊತ್ತಿರಲಿಲ್ಲ. ಕೆರೆಯ ಹೊಣೆ ವಾರ್ಡಿನ ಸದಸ್ಯರದಾಗಿದ್ದರೆ ಆಕೆ ಅವರನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸಬಹುದಿತ್ತು. ಸಂಘವನ್ನು ಪ್ರಶ್ನಿಸುವ ಹಕ್ಕನ್ನು ಆಕೆಗೆ ಯಾರೂ ಕೊಟ್ಟಿರಲಿಲ್ಲ.

ಬೇರೆ ದಾರಿ ಇಲ್ಲದೇ ಇರಲಿಲ್ಲ. 2006ರಲ್ಲಿ ಅದೇ ಬ್ಯಾಂಕ್ ನೆರವು ಕೊಟ್ಟ ಗ್ರಾಮ ಸ್ವರಾಜ್ ಯೋಜನೆಯಲ್ಲಿ ಹಿಂದುಳಿದ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಿಗೇ ಅನುದಾನ ಸಿಕ್ಕಿತು. ಕೆರೆಗೂ ಹಾಗೆಯೇ ಮಾಡಬೇಕು: ಸಂಘ ಪಂಚಾಯಿತಿಯ ಉಪಸಮಿತಿಯಾಗಲಿ, ಅದರ ಲೆಕ್ಕ ವರ್ಷಕ್ಕೆರಡು ಸಲ ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಲಿ, ಜಮೀನಿಲ್ಲದವರಿಗೂ ಅದರಲ್ಲಿ ಮತ ಇರಲಿ. ಇದರಿಂದ ಕಾಮಗಾರಿ ಒಂದು ವರ್ಷ ತಡವಾಗುವುದಾದರೆ ಸಾಲದ ಗಡುವನ್ನೇ ಮುಂದೂಡಬೇಕು.