ರಫ್ತು ಮಾಡೋರಿಗೆ ಸಹಾಯ ಮಾಡುವ ಆಫೀಸುಗಳು ಬೆಂಗಳೂರಲ್ಲೇ ಇವೆ, ಯಾರನ್ನ ಏನು ಕೇಳಬೇಕು?

"ಐಇಸಿ ಮಾಡಿಸಿದ್ದೀನಿ ಸಾರ್, ಮುಂದೇನು?" ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸದಲ್ಲಿರುವ ನನ್ನಂಥವರ ಬಳಿ ಬರುವ ಹೊಸಬರಲ್ಲಿ ಹೆಚ್ಚಿನವರ ಮೊದಲ ಮಾತು ಇದೇ. ಏನು ಕಳಿಸ್ತೀರಿ ಅಂತ ಕೇಳಿದರೆ, "ಯಾವುದಾದ್ರೂ ಒಳ್ಳೇ ಐಟಂ ನೀವೇ ಹೇಳಿ" ಅಂತಾರೆ. ಯಾವ ದೇಶಕ್ಕೆ ಅಂದರೆ ದುಬೈ. ದುಬೈಯೇ ಯಾಕೆ ಅನ್ನುವುದಕ್ಕೆ ಉತ್ತರ ಇರುವುದಿಲ್ಲ.

ಐಇಸಿ ಅಂದರೆ ಆಮದು ರಫ್ತಿಗೆ ಬೇಕಾದ ನೋಂದಣಿ ಸಂಖ್ಯೆ. ಕೇಂದ್ರ ವಾಣಿಜ್ಯ ಸಚಿವಾಲಯದ ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಕೊಡುತ್ತದೆ. ಜಿಎಸ್‌ಟಿ ಬಂದ ಮೇಲೆ ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಸರ್ಕಾರಿ ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನ್. ಇದಕ್ಕೆ ಸಾವಿರಾರು ರೂಪಾಯಿ ತೆತ್ತು, "ರಫ್ತು ಲೈಸೆನ್ಸ್ ಕೊಡಿಸಿದರು" ಅಂತ ಖುಷಿಪಡುವವರನ್ನು ನೋಡಿದರೆ ಬೇಜಾರಾಗುತ್ತದೆ. ಒಂದು ಸಲ ಮಾಡಿಸಿ ಮರೆತುಬಿಡುವ ಹಾಗೂ ಇಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಪೋರ್ಟಲ್‌ಗೆ ಹೋಗಿ ವಿವರ ದೃಢಪಡಿಸಬೇಕು. ಏನೂ ಬದಲಾಗದಿದ್ದರೂ ದೃಢಪಡಿಸಬೇಕು. ಬಿಟ್ಟರೆ ನಂಬರ್ ನಿಷ್ಕ್ರಿಯವಾಗುತ್ತದೆ. ಅದು ಗೊತ್ತಾಗುವುದು ಸಾಮಾನ್ಯವಾಗಿ ಸರಕು ಏರ್ ಕಾರ್ಗೋ ಗೇಟಿನಲ್ಲಿ ನಿಂತಾಗ.

ಬೆಂಗಳೂರಿನಲ್ಲಿ ಡಿಜಿಎಫ್‌ಟಿ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಹೊಸಬರಿಗೆ ದಾರಿ ತೋರಿಸಲು ಅವರದ್ದೇ 'ನಿರ್ಯಾತ್ ಬಂಧು' ಯೋಜನೆ ಇದೆ. ಆದರೆ ಅಲ್ಲಿಗಾಗಲಿ ಬೇರೆ ಯಾವ ಆಫೀಸಿಗಾಗಲಿ ಹೋಗುವ ಮುಂಚೆ ಎರಡು ವಿಷಯ ಕೈಯಲ್ಲಿರಲಿ: ನಿಮ್ಮ ಸರಕಿನ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕನ್ನು ವಿಂಗಡಿಸುವ ಸಂಖ್ಯೆ) ಮತ್ತು ಹೋಗುವ ದೇಶ. ಇವೆರಡೂ ಇಲ್ಲದೆ ಹೋದರೆ ಅಧಿಕಾರಿ ಎಷ್ಟೇ ಒಳ್ಳೆಯವರಾದರೂ ನಿಮಗೆ ಸಿಗುವುದು ಒಂದು ಕಿರುಹೊತ್ತಿಗೆ, ಒಂದು ಕಾಫಿ.

ಕಾಫಿಯನ್ನೇ ತಗೊಳ್ಳಿ. ಚಿಕ್ಕಮಗಳೂರಿನ ಅದೇ ತೋಟದ ಅದೇ ಬೀಜ. ಹುರಿಯದೆ ಕಳಿಸಿದರೆ ಕೋಡ್ 0901 11. ಹುರಿದು ಕಳಿಸಿದರೆ 0901 21. ಇನ್‌ಸ್ಟಂಟ್ ಪುಡಿ ಮಾಡಿದರೆ ಅಧ್ಯಾಯವೇ ಬೇರೆ, 2101. ಯುರೋಪಿಯನ್ ಒಕ್ಕೂಟದ ಸಾಮಾನ್ಯ ಸುಂಕದ ಪಟ್ಟಿಯಲ್ಲಿ ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ಶೇ 7.5, ಮೂರನೆಯದಕ್ಕೆ ಶೇ 9. ಸುಂಕ ಕಟ್ಟುವವನು ಅಲ್ಲಿನ ಖರೀದಿದಾರ ನಿಜ. ಆದರೆ ಅವನು ನಿಮ್ಮ ದರವನ್ನು ಅಷ್ಟು ಕೆಳಗೆ ಎಳೆಯುತ್ತಾನೆ, ಅಲ್ವಾ? ಈ ಕೋಡಿನ ಮೊದಲ ಆರು ಅಂಕಿ ಜಗತ್ತಿನ ಬಹುತೇಕ ಎಲ್ಲ ದೇಶಗಳಲ್ಲೂ ಒಂದೇ. ನಮ್ಮಲ್ಲಿ ಎಂಟು ಅಂಕಿಯವರೆಗೆ ಹೋಗುತ್ತದೆ.

ಕೋಡ್ ಸಿಕ್ಕ ಮೇಲೆ ಅರ್ಧ ಕೆಲಸ ಮನೆಯಲ್ಲೇ ಕೂತು ಮಾಡಬಹುದು. ವಾಣಿಜ್ಯ ಸಚಿವಾಲಯಕ್ಕಾಗಿ ಎಫ್‌ಐಇಒ, ಅಂದರೆ ಭಾರತೀಯ ರಫ್ತು ಸಂಸ್ಥೆಗಳ ಒಕ್ಕೂಟ, 'ಇಂಡಿಯನ್ ಟ್ರೇಡ್ ಪೋರ್ಟಲ್' ನಡೆಸುತ್ತದೆ. ಕೋಡ್ ಹಾಕಿ ದೇಶ ಆರಿಸಿದರೆ ಅಲ್ಲಿ ಸುಂಕ ಎಷ್ಟು, ನಮ್ಮ ಜೊತೆ ಒಪ್ಪಂದ ಇದ್ದರೆ ಎಷ್ಟು ಕಡಿಮೆ ಅಂತ ತೋರಿಸುತ್ತದೆ. ಜಿನೀವಾದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್‌ನ 'ಟ್ರೇಡ್ ಮ್ಯಾಪ್'ನಲ್ಲಿ ಯಾವ ದೇಶ ಈ ಸರಕನ್ನು ಯಾರಿಂದ ಎಷ್ಟು ತರಿಸಿಕೊಳ್ಳುತ್ತಿದೆ ಅನ್ನುವ ಅಂಕಿ ಅಂಶ ಇದೆ. ನೆದರ್ಲೆಂಡ್ಸ್ ಸರ್ಕಾರದ ಸಿಬಿಐ ಅನ್ನುವ ಸಂಸ್ಥೆ ನಮ್ಮಂಥ ದೇಶಗಳಿಂದ ಯುರೋಪ್‌ಗೆ ಕಳಿಸುವವರಿಗೆಂದೇ ಮಾರುಕಟ್ಟೆ ವರದಿ ಬರೆದು ಪುಕ್ಕಟೆ ಕೊಡುತ್ತದೆ. ಕಾಫಿ, ಮಸಾಲೆ, ಉಡುಪು, ಮನೆ ಅಲಂಕಾರದ ವಸ್ತು ಎಲ್ಲಕ್ಕೂ ಇದೆ. ಎರಡು ದಿನದ ವರ್ಕ್‌ಶಾಪಿಗೆ ದುಡ್ಡು ಕಟ್ಟುವ ಮುಂಚೆ ಇವನ್ನು ಓದಿ ಅಂತಲೇ ನಾನು ಹೇಳೋದು.

ಇನ್ನು ಬೆಂಗಳೂರಿನವರ ಅದೃಷ್ಟದ ವಿಷಯ. ಬೇರೆ ಊರಿನವರು ರೈಲು ಹತ್ತಿ ಹೋಗಬೇಕಾದ ಹಲವು ಸಂಸ್ಥೆಗಳು ನಮಗೆ ಆಟೋ ದೂರದಲ್ಲಿವೆ. ಕಾಫಿ ಮಂಡಳಿಯ ಕೇಂದ್ರ ಕಚೇರಿ ಅಂಬೇಡ್ಕರ್ ವೀದಿಯಲ್ಲಿ. ಕೇಂದ್ರ ರೇಷ್ಮೆ ಮಂಡಳಿ ಬಿಟಿಎಂ ಲೇಔಟ್‌ನಲ್ಲಿ. ಹಣ್ಣು, ತರಕಾರಿ, ಸಂಸ್ಕರಿಸಿದ ತಿಂಡಿಗಳನ್ನು ನೋಡಿಕೊಳ್ಳುವ ಅಪೇಡಾಕ್ಕೆ ಇಲ್ಲಿ ಪ್ರಾದೇಶಿಕ ಕಚೇರಿ ಇದೆ. ಎಂಜಿನಿಯರಿಂಗ್ ಸರಕಿಗೆ ಇಇಪಿಸಿ, ಗಾರ್ಮೆಂಟ್ಸ್‌ಗೆ ಎಇಪಿಸಿ, ಇವುಗಳ ಕಚೇರಿಗಳೂ ಊರಲ್ಲೇ ಇವೆ. ಕಸ್ತೂರ್ಬಾ ರಸ್ತೆಯಲ್ಲಿ ರಾಜ್ಯ ಸರ್ಕಾರದ ವಿಶ್ವೇಶ್ವರಯ್ಯ ಟ್ರೇಡ್ ಪ್ರಮೋಷನ್ ಸೆಂಟರ್ ಇದೆ. ಎಲ್ಲರ ಬಾಯಲ್ಲೂ ಅದು ವಿಟಿಪಿಸಿ. ತೀರಾ ಹೊಸಬರಿಗೆ, ಅದರಲ್ಲೂ ಕನ್ನಡದಲ್ಲೇ ಮಾತಾಡಿ ತಿಳಿದುಕೊಳ್ಳಬೇಕು ಅನ್ನುವವರಿಗೆ, ನಾನು ಮೊದಲು ಹೇಳುವ ವಿಳಾಸ ಅದೇ.

ಈ ಮಂಡಳಿಗಳಿಂದ ನಿಮಗೆ ಬೇಕಾದ ಮುಖ್ಯ ಕಾಗದ ಆರ್‌ಸಿಎಂಸಿ, ನೋಂದಣಿ ಮತ್ತು ಸದಸ್ಯತ್ವದ ಪ್ರಮಾಣಪತ್ರ. ನಿಮ್ಮ ಸರಕು ಯಾವ ಮಂಡಳಿಗೆ ಸೇರುತ್ತದೋ ಅಲ್ಲಿಂದಲೇ ತಗೊಳ್ಳಬೇಕು. ಮೆಣಸು ಏಲಕ್ಕಿಗೆ ಕೊಚ್ಚಿಯ ಸ್ಪೈಸಸ್ ಬೋರ್ಡ್, ಚನ್ನಪಟ್ಟಣದ ಗೊಂಬೆಗೆ ಕರಕುಶಲ ವಸ್ತುಗಳ ಮಂಡಳಿ ಇಪಿಸಿಎಚ್, ಹೀಗೆ. ವಿದೇಶಿ ಮೇಳಗಳಲ್ಲಿ ಸ್ಟಾಲ್ ಹಾಕಲು ಸಿಗುವ ಸರ್ಕಾರಿ ನೆರವು ಸಾಮಾನ್ಯವಾಗಿ ಈ ಮಂಡಳಿಗಳ ಮೂಲಕವೇ ಬರುತ್ತದೆ.

ಮಂಡಳಿಯ ಸದಸ್ಯರಾಗುವುದರ ಇನ್ನೊಂದು ಲಾಭ, ನಿಯಮ ಬದಲಾದ ಸುದ್ದಿ ಬೇಗ ಮುಟ್ಟುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಯ ಕಥೆ ನೋಡಿ. ನಾವು ಇದನ್ನು ತಿನ್ನುವುದು ಕಡಿಮೆ. ಮಲೇಷ್ಯಾ, ಸಿಂಗಪುರದ ಕಡೆಯೇ ಇದಕ್ಕೆ ಬೇಡಿಕೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಎಲ್ಲ ಈರುಳ್ಳಿಯ ರಫ್ತಿಗೆ ಶೇ 40 ಸುಂಕ ಹಾಕಿತು. ರೈತರು ಗಲಾಟೆ ಮಾಡಿದ ಮೇಲೆ ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ವಿನಾಯಿತಿ ಬಂತು. ಆದರೆ ಒಂದು ಷರತ್ತಿನ ಮೇಲೆ: ಇದು ಗುಲಾಬಿ ಈರುಳ್ಳಿಯೇ, ಇಷ್ಟೇ ಪ್ರಮಾಣ ಅಂತ ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕು. ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತೇ ನಿಷೇಧವಾಯಿತು, 2024ರ ಮೇ ತಿಂಗಳಲ್ಲಿ ನಿಷೇಧ ತೆರವಾಯಿತು. ಒಂದು ವರ್ಷದೊಳಗೆ ಇಷ್ಟು ತಿರುವು. ಇಂಥ ಹೊತ್ತಿನಲ್ಲಿ ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಿ ಲೋಡ್ ಮಾಡಿದವನು ಕೆಟ್ಟ. ಡಿಜಿಎಫ್‌ಟಿ ಅಧಿಸೂಚನೆಯನ್ನು ತಾನೇ ಓದಿದವನು ಬಚಾವ್.

ಖರೀದಿದಾರನನ್ನು ಹುಡುಕುವ ವಿಷಯಕ್ಕೆ ಬರೋಣ. ಪ್ರತಿ ದೊಡ್ಡ ದೇಶದಲ್ಲೂ ನಮ್ಮ ರಾಯಭಾರ ಕಚೇರಿಗೆ ವಾಣಿಜ್ಯ ವಿಭಾಗ ಇರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ 'ಟ್ರೇಡ್ ಕನೆಕ್ಟ್' ವೇದಿಕೆಯಲ್ಲೂ ಈ ಕಚೇರಿಗಳನ್ನು ತಲುಪಬಹುದು. ಜನ ಅವರಿಗೆ ಬರೆಯುವ ಪತ್ರ ಮಾತ್ರ ನಗು ತರಿಸುತ್ತದೆ. "ನಾವು ಗುಣಮಟ್ಟದ ಭಾರತೀಯ ಉತ್ಪನ್ನಗಳ ಪ್ರಮುಖ ರಫ್ತುದಾರರು, ದಯವಿಟ್ಟು ಖರೀದಿದಾರರ ಪಟ್ಟಿ ಕಳಿಸಿ." ಇದಕ್ಕೆ ಯಾರು ಉತ್ತರ ಕೊಡ್ತಾರೆ? ಹೀಗೆ ಬರೆದು ನೋಡಿ: "ಎಚ್‌ಎಸ್ 0901 21, ಹುರಿದ ಅರೇಬಿಕಾ, 250 ಗ್ರಾಂ ಪ್ಯಾಕೆಟ್, ತಿಂಗಳಿಗೆ ಎರಡು ಟನ್ ಕೊಡಬಲ್ಲೆವು. ಚೆನ್ನೈ ಬಂದರಿನವರೆಗಿನ ದರ ಇಷ್ಟು. ನಿಮ್ಮ ದೇಶದಲ್ಲಿ ಲೇಬಲ್ ಯಾವ ಭಾಷೆಯಲ್ಲಿರಬೇಕು? ಇಂಥ ಹೆಸರಿನ ಕಂಪನಿ ನಮ್ಮನ್ನು ಸಂಪರ್ಕಿಸಿದೆ, ಅದು ಅಲ್ಲಿ ನೋಂದಣಿಯಾಗಿದೆಯೇ?" ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಪಟ್ಟಿ ಇಂಟರ್ನೆಟ್‌ನಲ್ಲೂ ಸಿಗುತ್ತದೆ. ಆ ಹೆಸರಿನ ಹಿಂದೆ ನಿಜವಾಗಿ ಒಂದು ಅಂಗಡಿ ಇದೆಯೋ ಇಲ್ಲವೋ ಅಂತ ನೋಡಿ ಹೇಳುವವರು ಬೇಕು.

ಇಲ್ಲಿ ನನ್ನ ಒಂದು ಹಳೇ ತಕರಾರಿದೆ. ನಮ್ಮ ರಫ್ತುದಾರರು ಮೇಳಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರೆ, ಬ್ರೋಷರ್‌ಗೆ ಖರ್ಚು ಮಾಡುತ್ತಾರೆ. ದುಡ್ಡು ವಾಪಸ್ ಬರುತ್ತಾ ಅನ್ನುವುದಕ್ಕೆ ಮಾತ್ರ ದೇವರ ಮೇಲೆ ಭಾರ ಹಾಕುತ್ತಾರೆ. ಇಸಿಜಿಸಿ ಅನ್ನುವ ಕೇಂದ್ರ ಸರ್ಕಾರಿ ಕಂಪನಿ 1957ರಿಂದ ಇದಕ್ಕೆಂದೇ ಇದೆ. ಕೆಲಸ ರಫ್ತು ಸಾಲದ ವಿಮೆ. ಖರೀದಿದಾರ ದಿವಾಳಿಯಾದರೆ, ಸರಕು ತಗೊಂಡು ದುಡ್ಡು ಕೊಡದಿದ್ದರೆ, ಆ ದೇಶದಲ್ಲಿ ಯುದ್ಧ ಶುರುವಾಗಿ ಡಾಲರ್ ಹೊರಗೆ ಬರದಿದ್ದರೆ ನಷ್ಟದ ದೊಡ್ಡ ಪಾಲನ್ನು ಅದು ತುಂಬಿಕೊಡುತ್ತದೆ.

ಪೀಣ್ಯದ ಒಬ್ಬ ಯಂತ್ರದ ಬಿಡಿಭಾಗದವರ ವ್ಯವಹಾರ ನನಗೆ ಚೆನ್ನಾಗಿ ಗೊತ್ತು. ಹೊಸ ಗಿರಾಕಿಯೊಬ್ಬ ಮೊದಲ ಎರಡು ಸಲ ಅಡ್ವಾನ್ಸ್ ಕೊಟ್ಟು ತರಿಸಿಕೊಂಡ. ಮೂರನೇ ಸಲ ಆರ್ಡರ್ ಐದು ಪಟ್ಟು ದೊಡ್ಡದು, ಜೊತೆಗೆ 90 ದಿನದ ಸಾಲ ಕೇಳಿದ. ಇವರು ಇಸಿಜಿಸಿಗೆ ಆ ಖರೀದಿದಾರನ ಹೆಸರಿನಲ್ಲಿ ಸಾಲದ ಮಿತಿಗೆ ಅರ್ಜಿ ಹಾಕಿದರು. ಅವರು ಅವನ ಲೆಕ್ಕಪತ್ರ ನೋಡಿ, ಕೇಳಿದ ಮೊತ್ತದಲ್ಲಿ ಸ್ವಲ್ಪಕ್ಕೆ ಮಾತ್ರ ಒಪ್ಪಿದರು. ಇವರಿಗೆ ಮೊದಲು ಸಿಟ್ಟೇ ಬಂತು. ಆದರೆ ಹಾಗೆ ಕಡಿಮೆ ಮಾಡಿದ್ದೇ ಒಂದು ಮಾಹಿತಿ, ಅಲ್ವಾ? ಅಷ್ಟು ಮೊತ್ತಕ್ಕೆ ಸಾಲ, ಉಳಿದದ್ದಕ್ಕೆ ಅಡ್ವಾನ್ಸ್ ಅಂತ ಮಾತಾಡಿದರು. ಗಿರಾಕಿ ಒಪ್ಪಲಿಲ್ಲ, ಆರ್ಡರ್ ಹೋಯಿತು. ಹೋಗಿದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ವಿಮೆ ಎಲ್ಲವನ್ನೂ ಕಾಯುವುದಿಲ್ಲ. ಸರಕಿನ ಗುಣಮಟ್ಟ ಸರಿಯಿಲ್ಲ ಅಂತ ಖರೀದಿದಾರ ಜಗಳ ತೆಗೆದರೆ, ಆ ಜಗಳ ನಿಮ್ಮ ಪರ ತೀರ್ಮಾನವಾಗುವವರೆಗೆ ಪರಿಹಾರವಿಲ್ಲ. ಡಾಲರ್ ಬೆಲೆ ಏರುಪೇರಾದ ನಷ್ಟಕ್ಕೂ ಇಲ್ಲ. ಪಾಲಿಸಿ ಮಾಡಿಸಿ ಡ್ರಾಯರ್‌ನಲ್ಲಿ ಇಟ್ಟುಬಿಡುವವರಿಗೂ ಕಷ್ಟ. ಸಾಗಣೆಗಳನ್ನು ಕಾಲಕಾಲಕ್ಕೆ ಘೋಷಿಸಬೇಕು, ದುಡ್ಡು ಬರುವುದು ತಡವಾದರೆ ಗಡುವಿನೊಳಗೆ ತಿಳಿಸಬೇಕು. ಇದನ್ನು ಮರೆತರೆ ಕ್ಲೇಮ್ ಅಲ್ಲೇ ಬಿದ್ದುಹೋಗುತ್ತದೆ.

ಬ್ಯಾಂಕು, ಕಸ್ಟಮ್ಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ವಿದೇಶಿ ವಿನಿಮಯ ನಡೆಸುವ ಆ ಶಾಖೆಯ ಸಂಖ್ಯೆ, ಪಡೆದು ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇದಾಗದೆ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಘೋಷಣೆ, ಹುಟ್ಟುವುದಿಲ್ಲ. ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಪ್ರತಿ ಹಣಕಾಸು ವರ್ಷಕ್ಕೊಂದು ಎಲ್‌ಯುಟಿ, ಅಂದರೆ ಮುಚ್ಚಳಿಕೆ ಪತ್ರ, ಸಲ್ಲಿಸಬೇಕು. ಏಪ್ರಿಲ್ 1ಕ್ಕೆ ಹಳೆಯದು ಮುಗಿದಿರುತ್ತದೆ ಅನ್ನುವುದು ನೆನಪಿರಲಿ. ರಫ್ತಿನ ಹಣ ಗಡುವಿನೊಳಗೆ ದೇಶಕ್ಕೆ ಬರಬೇಕು. ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ ಈ ಗಡುವನ್ನು 9 ತಿಂಗಳಿಂದ 15 ತಿಂಗಳಿಗೆ ಏರಿಸಿತು. ಇನ್ನು ಡ್ಯೂಟಿ ಡ್ರಾಬ್ಯಾಕ್, 2021ರ ಜನವರಿಯಿಂದ ಬಂದ ರೋಡ್‌ಟೆಪ್, ಅಂದರೆ ರಫ್ತಿನ ಸರಕಿನ ಮೇಲೆ ಬಿದ್ದ ಸುಂಕ, ತೆರಿಗೆ ವಾಪಸ್ ಕೊಡುವ ಯೋಜನೆಗಳು. ಇವೆಲ್ಲ ನಿಮಗೆ ನ್ಯಾಯವಾಗಿ ಬರಬೇಕಾದ ದುಡ್ಡು. ರೋಡ್‌ಟೆಪ್ ಬೇಕು ಅಂತ ಶಿಪ್ಪಿಂಗ್ ಬಿಲ್‌ನಲ್ಲೇ ಘೋಷಿಸಬೇಕು. ನಿಮ್ಮ ಸಿಎಚ್‌ಎ, ಅಂದರೆ ಕಸ್ಟಮ್ಸ್ ಕ್ಲಿಯರೆನ್ಸ್ ಏಜೆಂಟ್, ಅದನ್ನು ಹಾಕಿದ್ದಾರಾ ಅಂತ ಒಮ್ಮೆ ಕೇಳಿ. ಕೇಳಿದರೆ ನಾವೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಸರ್ಟಿಫಿಕೇಟ್ ಆಫ್ ಒರಿಜಿನ್‌ನಲ್ಲಿ ಎರಡು ಜಾತಿ. ಸರಕು ಭಾರತದ್ದು ಅಂತಷ್ಟೇ ಹೇಳುವ ಸಾಮಾನ್ಯ ಪತ್ರವನ್ನು ವಾಣಿಜ್ಯ ಸಂಘಗಳೂ ಕೊಡುತ್ತವೆ. ಕೆಂಪೇಗೌಡ ರಸ್ತೆಯ ಎಫ್‌ಕೆಸಿಸಿಐ, 1916ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಶುರುವಾದದ್ದು, ಇಂದಿಗೂ ಈ ಕೆಲಸ ಮಾಡುತ್ತಿದೆ. ಇನ್ನೊಂದು, ಒಪ್ಪಂದದ ಪ್ರಕಾರ ಸುಂಕ ಇಳಿಸುವ ಪತ್ರ. ಯುಎಇ ಜೊತೆಗಿನ ಒಪ್ಪಂದ 2022ರ ಮೇ 1ರಿಂದ ಇದೆ, ಆಸ್ಟ್ರೇಲಿಯಾದ್ದು ಅದೇ ವರ್ಷದ ಡಿಸೆಂಬರ್ 29ರಿಂದ. ಸ್ವಿಟ್ಜರ್ಲೆಂಡ್, ನಾರ್ವೆ ಸೇರಿದ ನಾಲ್ಕು ದೇಶಗಳ ಗುಂಪಿನದ್ದು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಎಷ್ಟೋ ಜನ ಸಾಮಾನ್ಯ ಪತ್ರ ಕಳಿಸಿ, ಅಲ್ಲಿ ಪೂರಾ ಸುಂಕ ಬಿದ್ದ ಮೇಲೆ ಫೋನ್ ಮಾಡುತ್ತಾರೆ. ಮೊದಲೇ ಕೇಳಿದ್ದರೆ ಆಗುತ್ತಿತ್ತು.

ಪ್ಯಾಕಿಂಗ್ ಮರದ ಬಗ್ಗೆಯೂ ಒಂದು ಮಾತು. ಚನ್ನಪಟ್ಟಣದ ಗೊಂಬೆ ಜರ್ಮನಿಗೆ ಹೋಗಬೇಕಾದರೆ ಮಕ್ಕಳ ಸುರಕ್ಷತೆಯ ಪರೀಕ್ಷೆ ಪಾಸಾಗಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ಗೊಂಬೆ ಕೂತ ಹಲಗೆ ಪೆಟ್ಟಿಗೆಗೂ ನಿಯಮ ಇದೆ. ಸಂಸ್ಕರಿಸದ ಮರದ ಪೆಟ್ಟಿಗೆ, ಪ್ಯಾಲೆಟ್ ಆದರೆ ಮರದ ತಿರುಳು 56 ಡಿಗ್ರಿ ಶಾಖದಲ್ಲಿ ಸತತ 30 ನಿಮಿಷ ಇರಬೇಕು, ಇಲ್ಲವೇ ಅನುಮತಿಸಿದ ಬೇರೆ ಉಪಚಾರ ಆಗಬೇಕು. ಮಾಡಿದ್ದಕ್ಕೆ ಗುರುತಾಗಿ ತೆನೆಯ ಚಿತ್ರದ ಮುದ್ರೆ ಬೀಳಬೇಕು. ಮುದ್ರೆಯಲ್ಲಿ ದೇಶದ ಸಂಕೇತ, ಉಪಚಾರ ಮಾಡಿದ ಘಟಕದ ನಂಬರ್ ಇರುತ್ತದೆ. ಮುದ್ರೆ ಇಲ್ಲದ ಒಂದೇ ಒಂದು ಪಟ್ಟಿ ಸಿಕ್ಕರೂ ಅಲ್ಲಿನ ಅಧಿಕಾರಿಗಳು ಸರಕು ತಡೆಯಬಹುದು. ಪ್ಲೈವುಡ್‌ಗೆ ಈ ತಲೆನೋವಿಲ್ಲ. ಬೀಜ, ಸಸಿ, ಹೂವು, ತರಕಾರಿ ಕಳಿಸುವವರಿಗೆ ಬೇಕಾಗುವ ಸಸ್ಯ ಆರೋಗ್ಯ ಪತ್ರವನ್ನು ಕೇಂದ್ರ ಸರ್ಕಾರದ ಸಸ್ಯ ಸಂಗರೋಧ ವಿಭಾಗ ಕೊಡುತ್ತದೆ.

ಮನೆಯಿಂದಲೇ ಸೀರೆ, ಒಡವೆ, ಉಪ್ಪಿನಕಾಯಿ ಮಾರುವವರಿಗೆ ಕಂಟೇನರ್ ಮಾತು ಬೇಡ. ಅಂಚೆ ಇಲಾಖೆಯ ಡಾಕ್‌ಘರ್ ನಿರ್ಯಾತ್ ಕೇಂದ್ರಗಳು ದೇಶದಲ್ಲಿ ಸಾವಿರದ ಆಸುಪಾಸು ಇವೆ. ಕಸ್ಟಮ್ಸ್ ಕಾಗದವನ್ನು ಆನ್‌ಲೈನ್‌ನಲ್ಲೇ ತುಂಬಿ ಪಾರ್ಸೆಲ್ ಕೊಟ್ಟರಾಯಿತು. ತಿಂಡಿ ಕಳಿಸುವವರು ಮಾತ್ರ ಆ ದೇಶ ಒಳಗೆ ಬಿಡುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಆಮದು ಮಾಡುವವರಿಗೆ ಇಷ್ಟೆಲ್ಲ ಆಫೀಸುಗಳು ಕಾದು ಕೂತಿಲ್ಲ. ಸರ್ಕಾರಕ್ಕೆ ರಫ್ತಿನ ಮೇಲಿರುವ ಪ್ರೀತಿ ಆಮದಿನ ಮೇಲಿಲ್ಲ. ಇವರಿಗೆ ನಿಜವಾಗಿ ಉಪಯೋಗವಾಗುವುದು ಐಸ್‌ಗೇಟ್‌ನ ಸುಂಕ ಲೆಕ್ಕದ ಸೌಲಭ್ಯ, ಮತ್ತು ಯಾವ ಕೋಡ್ ಅನ್ನುವ ಗೊಂದಲ ದೊಡ್ಡದಾದರೆ ಕಸ್ಟಮ್ಸ್‌ನಿಂದ ಮುಂಗಡ ತೀರ್ಪು. ಎಸ್‌ಪಿ ರೋಡಿಗೆ ಬ್ಲೂಟೂತ್ ಸ್ಪೀಕರ್ ತರಿಸುವವರು ಕೇಳಬೇಕಾದ್ದು ಬರೀ ಸುಂಕ ಎಷ್ಟು ಅಂತಲ್ಲ. ವೈರ್‌ಲೆಸ್ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಅನುಮೋದನೆ ಇದೆಯಾ, ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಆ ಫ್ಯಾಕ್ಟರಿಯ ಹೆಸರಿನಲ್ಲೇ ಇದೆಯಾ ಅಂತಲೂ ಕೇಳಬೇಕು. ಆಟಿಕೆಗೆ 2021ರ ಜನವರಿ 1ರಿಂದ ಬಿಐಎಸ್ ಕಡ್ಡಾಯ. ಒಪ್ಪಂದದ ರಿಯಾಯಿತಿ ಸುಂಕ ಬೇಕಿದ್ದರೆ, 2020ರ ನಿಯಮದಂತೆ ಸರಕು ಆ ದೇಶದಲ್ಲೇ ತಯಾರಾಯಿತು ಅನ್ನುವುದಕ್ಕೆ ವಿವರ ಆಮದುದಾರನ ಕೈಯಲ್ಲೇ ಇರಬೇಕು. "ಸಪ್ಲೈಯರ್ ಸರ್ಟಿಫಿಕೇಟ್ ಕೊಟ್ಟಿದ್ದಾನಲ್ಲ" ಅಂದರೆ ಸಾಲದು. ಈ ಕಾಗದಗಳ ಪ್ರತಿಗಳನ್ನು ದುಡ್ಡು ಕಳಿಸುವ ಮುಂಚೆಯೇ ತರಿಸಿಕೊಂಡು ಬಿಐಎಸ್ ಜಾಲತಾಣದಲ್ಲಿ ನಂಬರ್ ಹಾಕಿ ನೋಡಿ. ಸರಕು ಬಂದ ಮೇಲೆ ನೋಡಿದರೆ, ನೀವು ಓಡಾಡುವಷ್ಟು ದಿನವೂ ಗೋದಾಮಿನ ಬಾಡಿಗೆ ಏರುತ್ತಲೇ ಇರುತ್ತದೆ.